ಎರಡನೇ ಜಾಮೀನು

ಮೂರನೇ ಡಿಸ್ಕು ಸತ್ತದ್ದು ಮಂಗಳವಾರ ಬೆಳಿಗ್ಗೆ ಹತ್ತು ಗಂಟೆಗೆ. ಡಿಸ್ಕಿನ ಕೋಣೆಯ ಕಿಟಕಿಯಿಂದ ನೋಡಿದರೆ ಗಾಣದ ಬೀದಿ ಇದ್ದ ಕಡೆ ಬಯಲು ಕಾಣುತ್ತಿತ್ತು, ಬಯಲಿನಲ್ಲಿ ಬೀದಿಯ ಜನ ನಿಂತಿದ್ದರು. ಬೀದಿ ಹೋಗುವಾಗ ಯಾರ ಕೈಯಲ್ಲಿ ಏನಿರುತ್ತದೋ ಅದು ಅವರ ಬಳಿಯೇ ಉಳಿಯುತ್ತದೆ. ಉಟ್ಟ ಬಟ್ಟೆಯೂ ಉಳಿಯುತ್ತದೆ, ಅಷ್ಟು ಪುಣ್ಯ. ಒಬ್ಬಾಕೆ ಸೌಟು ಹಿಡಿದಿದ್ದಳು. ಒಬ್ಬ ಅರ್ಧ ಮುಖಕ್ಕೆ ಸೋಪಿನ ನೊರೆ ಹಚ್ಚಿಕೊಂಡು ಬ್ರಷ್ಷು ಹಿಡಿದಿದ್ದ. ಯಾರೂ ಕೂಗಾಡಲಿಲ್ಲ. ಸೌಟಿನವಳು ಒಲೆಯ ಮೇಲಿದ್ದ ಸಾರಿನ ಬಗ್ಗೆ ಏನೋ ಗೊಣಗಿದಳು, ಆಮೇಲೆ ಎಲ್ಲರೂ ಶಾಲೆಯ ಕಡೆ ನಡೆದರು. ಶಾಲೆಯಲ್ಲಿ ಚಾಪೆಗಳಿವೆ. ಮಧ್ಯಾಹ್ನದ ಊಟ ಪಕ್ಕದ ಬೀದಿಯವರದು, ರಾತ್ರಿಯದು ಅದರ ಪಕ್ಕದವರದು. ಈ ಸರದಿ ನಾನು ಹುಟ್ಟುವುದಕ್ಕೂ ಮೊದಲಿನದು.

ನಮ್ಮೂರಿಗೆ ಆರು ಬೀದಿ, ಏಳು ಡಿಸ್ಕು. ಒಂದೊಂದು ಬೀದಿ ಒಂದೊಂದು ಡಿಸ್ಕಿನ ಮೇಲಿದೆ. ಏಳನೆಯದಕ್ಕೆ ಜಾಮೀನು ಎನ್ನುತ್ತೇವೆ. ಅದರ ಮೇಲೆ ಯಾರ ಮನೆಯೂ ಇಲ್ಲ, ಆರು ಬೀದಿಗಳನ್ನೂ ಕೂಡಿಸಿದ ಮೊತ್ತ ಮಾತ್ರ ಇದೆ. ಒಂದು ಬೀದಿ ಹೋದರೆ ಮೊತ್ತದಿಂದ ಉಳಿದ ಐದನ್ನು ಕಳೆದು, ಹೋದದ್ದೇನೆಂದು ತಿಳಿದು, ಹೊಸ ಡಿಸ್ಕಿನ ಮೇಲೆ ಬರೆಯಬಹುದು. ಹತ್ತೊಂಬತ್ತು ಗಂಟೆ ಹಿಡಿಯುತ್ತದೆ. ಆ ಹತ್ತೊಂಬತ್ತು ಗಂಟೆಯೊಳಗೆ ಇನ್ನೊಂದು ಬೀದಿ ಹೋದರೆ ಎರಡೂ ಹೋದ ಹಾಗೆಯೇ. ಶಾಲೆ, ಗ್ರಂಥಾಲಯ ಮತ್ತು ಡಿಸ್ಕಿನ ಕೋಣೆ ಬೀದಿಗಳ ಹೊರಗೆ, ಬಸ್ ನಿಲ್ದಾಣದ ಹತ್ತಿರ ಇವೆ. ಕಟ್ಟಿಸಿದವರಿಗೆ ಅಷ್ಟು ಬುದ್ಧಿ ಇತ್ತು.

ಇದನ್ನೆಲ್ಲ ನಡೆಸುವ ತಂತ್ರಾಂಶ ಯಾರೊಬ್ಬರ ಸೊತ್ತೂ ಅಲ್ಲ. ಮೊದಲು ಬರೆದವರು ಎಲ್ಲಿಯವರೋ ಗೊತ್ತಿಲ್ಲ. ಮೊದಲ ಪುಟದಲ್ಲಿ, ಯಾರು ಬೇಕಾದರೂ ಓದಿ, ಬಳಸಿ, ತಿದ್ದಿ, ಕೆಟ್ಟರೆ ನಮ್ಮನ್ನು ಕೇಳಬೇಡಿ ಎಂದು ಬರೆದು ಹೋಗಿದ್ದಾರೆ. ಅದರ ಅಷ್ಟೂ ಸಾಲುಗಳನ್ನು ಗ್ರಂಥಾಲಯದ ಗೋಡೆಗೆ ಅಂಟಿಸಿದ್ದೇವೆ. ಏಳನೇ ತರಗತಿಯಲ್ಲಿ ಓದಲು ಕಲಿಸುತ್ತಾರೆ. ಕಲಿಯದವರೂ ಗೋಡೆಯ ಮುಂದೆ ನಿಂತು ತಲೆಯಾಡಿಸುತ್ತಾರೆ. ಅದನ್ನು ನೋಡಿಕೊಳ್ಳುವವರು ಇಬ್ಬರು. ಒಬ್ಬರು ಜಬೀವುಲ್ಲಾ ಸಾಬರು, ಅರವತ್ತೆಂಟು ವರ್ಷ, ರೇಡಿಯೊ ರಿಪೇರಿಯವರು. ಇನ್ನೊಬ್ಬಳು ನಾನು, ಪಾಲಕ್ಕ, ಐದು ವರ್ಷ ಹಾಸ್ಟೆಲಿನಲ್ಲಿದ್ದು ಅಲ್ಲಿನ ಗ್ರಂಥಾಲಯದ ಪುಸ್ತಕಗಳನ್ನು ಮುಗಿಸಿ, ಬೇರೆ ಕೆಲಸ ಬಾರದೆ ವಾಪಸು ಬಂದವಳು.

ತಿದ್ದುವುದಕ್ಕೆ ಒಂದು ಕ್ರಮವಿದೆ. ತಿದ್ದುಪಡಿಯನ್ನು ಗೋಡೆಗೆ ಹಚ್ಚಬೇಕು. ಇಬ್ಬರು ಓದಿ ಸಹಿ ಹಾಕಬೇಕು. ಅವರಲ್ಲಿ ಒಬ್ಬರು, ಬರೆದವರೊಂದಿಗೆ ಮಾತು ಬಿಟ್ಟು ಒಂದು ವರ್ಷವಾದರೂ ಆಗಿರುವವರಾಗಿರಬೇಕು. ಹಿಂದೆ ಇಬ್ಬರು ಜೀವದ ಗೆಳೆಯರು ಒಬ್ಬರದಕ್ಕೊಬ್ಬರು ಓದದೆ ಸಹಿ ಹಾಕಿ ಒಂದನೇ ಬೀದಿಯ ಎಡಗಡೆಯ ಸಾಲನ್ನು ಕಳೆದರು. ಅದು ಮತ್ತೆ ಬರಲಿಲ್ಲ. ಆ ಬೀದಿಗೆ ಇವತ್ತಿಗೂ ಒಂದೇ ಮಗ್ಗುಲು. ಆಗಿನಿಂದ ಈ ಕ್ರಮ ಬಂತು. ಹಾಗಾಗಿ ಈ ಕೆಲಸಕ್ಕೆ ಬಂದವರು ಯಾರೊಂದಿಗಾದರೂ ಒಂದು ಜಗಳವನ್ನು ಜೋಪಾನವಾಗಿ ಇಟ್ಟುಕೊಳ್ಳಬೇಕು. ಸಾಬರದು ಅವರ ಷಡ್ಡಕನ ಜೊತೆ. ನನ್ನದು ಗಿರಣಿ ಬೀದಿಯ ಗುರುಬಸಕ್ಕನ ಜೊತೆ.

ಗುರುಬಸಕ್ಕ ಹಿಟ್ಟಿನ ಗಿರಣಿ ನಡೆಸುತ್ತಾಳೆ, ಒಬ್ಬಳೇ. ಮೂರು ವರ್ಷದ ಹಿಂದೆ ಆರನೇ ಡಿಸ್ಕು ಸತ್ತು ಗಿರಣಿ ಬೀದಿ ಹೋಗಿ ಬಂದಾಗ ಅವಳ ಅಡುಗೆಮನೆಯ ಬಾಗಿಲು ಬಲಗಡೆ ಇದ್ದದ್ದು ಎಡಗಡೆಗೆ ಬಂದಿತ್ತು. ದೂರಿನ ಪುಸ್ತಕದಲ್ಲಿ ಬರೆದಳು, ದೂರು ಸಂಖ್ಯೆ ಇನ್ನೂರ ಹನ್ನೆರಡು. ಆಗ ನಾನು ಹೊಸಬಳು. ಎರಡು ಸಲ ಪರೀಕ್ಷೆ ಮಾಡಿದೆ, ಏನೂ ಸಿಗಲಿಲ್ಲ. 'ಬಾಗಿಲು ಮೊದಲೇ ಹಾಗಿದ್ದಿರಬೇಕು' ಎಂದು ಬರೆದು ದೂರನ್ನು ಮುಚ್ಚಿದೆ. ನಲವತ್ತು ವರ್ಷ ಆ ಬಾಗಿಲಲ್ಲಿ ಓಡಾಡಿದವಳು ಅಂದಿನಿಂದ ನನ್ನೊಂದಿಗೆ ಮಾತು ಬಿಟ್ಟಳು. ತಿಂಗಳಿಗೊಮ್ಮೆ ಬಂದು ಅದೇ ದೂರನ್ನು ಮತ್ತೆ ಬರೆಯುತ್ತಿದ್ದಳು. ನಾನು ಮೊದಲ ಸಾಲು ಓದಿ ಮುಚ್ಚುತ್ತಿದ್ದೆ. ಇದರಿಂದ ನನ್ನ ಕೆಲಸಕ್ಕೆ ಅನುಕೂಲವೇ ಆಯಿತು. ಜಗಳಕ್ಕೆ ವರ್ಷ ತುಂಬಿದ ಮೇಲಿನ ನನ್ನ ಎಲ್ಲ ತಿದ್ದುಪಡಿಗಳ ಕೆಳಗೂ ಅವಳ ಸಹಿ ಇದೆ.

ಆ ಮಂಗಳವಾರ ಗಾಣದ ಬೀದಿಯನ್ನು ಮತ್ತೆ ಬರೆಯುತ್ತಿದ್ದಾಗ ಸಾಬರು ಡಿಸ್ಕುಗಳ ಪೆಟ್ಟಿಗೆಗೆ ಕಿವಿ ಹಚ್ಚಿ ಕೂತಿದ್ದರು.

"ಪಾಲಕ್ಕ, ಐದರ ಸದ್ದು ಕೇಳಿಲ್ಲಿ. ಕೆಮ್ತಾ ಐತೆ."

ದಾಖಲೆ ನೋಡಿದೆ. ಐದನೇ ಡಿಸ್ಕು ಇಪ್ಪತ್ತಮೂರು ಕಡೆ ಮೂರು ಮೂರು ಸಲ ಕೇಳಿದ ಮೇಲೆ ಉತ್ತರ ಕೊಟ್ಟಿತ್ತು.

"ಇವೆಲ್ಲ ಒಂದೇ ಡಬ್ಬೀಲಿ ಬಂದವು ಕಣವ್ವ. ಒಟ್ಟಿಗೆ ಬಂದೋವು ಒಟ್ಟಿಗೇ ಹೊಂಡ್ತಾವೆ," ಎಂದರು ಸಾಬರು.

ಐದನೇ ಡಿಸ್ಕಿನ ಮೇಲಿರುವುದು ಹಗ್ಗದ ಬೀದಿ. ನಲವತ್ತೊಂದು ಮನೆ, ಅದರಲ್ಲೊಂದು ನಮ್ಮದು. ಅದು ಹೋದರೆ ನನಗೆ ಹೋಗುವುದು ಮನೆ, ಅವ್ವನ ಹೊಲಿಗೆ ಯಂತ್ರ, ಹದಿನೇಳು ಪುಸ್ತಕ. ಹೆಚ್ಚಲ್ಲ, ಆದರೆ ಬೇರೆ ಇಲ್ಲ. ಇದ್ದೊಂದು ಹೊಸ ಡಿಸ್ಕನ್ನು ಗಾಣದ ಬೀದಿಗೆ ಹಾಕಿಯಾಗಿತ್ತು. ಇನ್ನೆರಡು ಬೇಕೆಂದು ಕಾಗದ ಬರೆದು ಹಾಕಿದೆ, ಬಸ್ಸಿನಲ್ಲಿ ಪಾರ್ಸೆಲ್ಲು ಬರಲು ಆರು ತಿಂಗಳು. ಅಷ್ಟರೊಳಗೆ ಯಾವುದಾದರೂ ಎರಡು ಸತ್ತರೆ ಎರಡು ಬೀದಿ ಬಯಲು. ಅದಕ್ಕೆ ಇದ್ದದ್ದು ಒಂದೇ ಉಪಾಯ, ಎರಡನೇ ಜಾಮೀನು. ಅದೂ ಅದೇ ಮೊತ್ತ ಇಟ್ಟುಕೊಂಡರೆ ಉಪಯೋಗವಿಲ್ಲ. ಒಂದೇ ಮಾತು ಹೇಳುವ ಇಬ್ಬರು ಸಾಕ್ಷಿಗಳು ಒಬ್ಬ ಸಾಕ್ಷಿಯೇ. ಒಂದೊಂದು ಬೀದಿಯನ್ನು ಅದರ ಸಂಖ್ಯೆಯಿಂದ ಗುಣಿಸಿ ಕೂಡಿಸಿದರೆ ಎರಡು ಬೀದಿ ಹೋದರೂ ಎರಡನ್ನೂ ಬಿಡಿಸಬಹುದು. ನಲವತ್ತು ದಿನ ಕೂತು ಬರೆದೆ. ಮೂವತ್ತೆಂಟು ಪುಟವಾಯಿತು.

ತೊಡಕು ಒಂದೇ. ಪೆಟ್ಟಿಗೆಯಲ್ಲಿ ಡಿಸ್ಕು ಕೂರಿಸಲು ಇರುವುದು ಏಳೇ ಗೂಡು. ಎರಡನೇ ಜಾಮೀನಿಗೆ ಡಿಸ್ಕು ಬೇಕೆಂದರೆ ಒಂದು ಬೀದಿಯನ್ನು ಬಿಟ್ಟುಕೊಡಬೇಕು. ಸಾಮಾನು ಸಾಗಿಸಿಕೊಳ್ಳಬಹುದು, ಮನೆಗಳು ಹೋಗುತ್ತವೆ, ಜನ ಉಳಿದ ಐದು ಬೀದಿಗಳಲ್ಲಿ ಹಂಚಿಕೊಂಡು ಇರಬೇಕು. ಯಾವ ಬೀದಿ ಎಂದು ನಾನು ಹೆಸರು ಬರೆಯಲಿಲ್ಲ. 'ಎಲ್ಲಕ್ಕಿಂತ ಕಡಿಮೆ ತುಂಬಿರುವ ಡಿಸ್ಕನ್ನು ಆರಿಸು' ಎಂದು ಬರೆದೆ. ಕಡಿಮೆ ತುಂಬಿದ್ದು ಆರನೆಯದು, ಹದಿನಾಲ್ಕು ಮನೆಯ ಗಿರಣಿ ಬೀದಿ. ಅದು ಊರಿಗೆಲ್ಲ ಗೊತ್ತಿತ್ತು.

ಗೋಡೆಗೆ ಹಚ್ಚಿದ ದಿನ ಗ್ರಂಥಾಲಯದಲ್ಲಿ ನಿಲ್ಲಲು ಜಾಗವಿರಲಿಲ್ಲ.

"ಎಂಟನೇ ಗೂಡು ಮಾಡ್ಸಕ್ಕಾಗಲ್ವ? ನಮ್ಮ ಬಡಗಿ ಒಳ್ಳೇ ಕೆಲಸಗಾರ," ಎಂದರು ಯಾರೋ.

"ಆಗಲ್ಲ," ಎಂದೆ.

ಗಿರಣಿ ಬೀದಿಯ ಓಬಣ್ಣ, ಸೈಕಲ್ ಅಂಗಡಿಯವನು, ಎಲ್ಲರನ್ನೂ ದಾಟಿ ಮುಂದೆ ಬಂದ. "ಕೆಮ್ತಿರೋದು ಐದು. ಆರಕ್ಕೆ ಯಾಕವ್ವ ಮಾತ್ರೆ?"

ಜನ ನಕ್ಕರು. ನಾನು ಮನೆಗಳ ಸಂಖ್ಯೆ ಹೇಳಿದೆ, ಹದಿನಾಲ್ಕು ಕುಟುಂಬ ಸಾಗಿಸುವುದಕ್ಕೂ ನಲವತ್ತೊಂದು ಸಾಗಿಸುವುದಕ್ಕೂ ಇರುವ ವ್ಯತ್ಯಾಸ ಹೇಳಿದೆ. ಹೇಳಿದ್ದೆಲ್ಲ ನಿಜ. ಹಗ್ಗದ ಬೀದಿಯಲ್ಲಿ ಹತ್ತೇ ಮನೆ ಇದ್ದಿದ್ದರೆ ಆ ಸಾಲನ್ನು ಹಾಗೆಯೇ ಬರೆಯುತ್ತಿದ್ದೆನೇ ಎಂದು ಅಲ್ಲಿ ಯಾರೂ ಕೇಳಲಿಲ್ಲ.

ಸಾಬರು ಮೊದಲ ಸಹಿ ಹಾಕಿದರು. ಎರಡನೆಯದಕ್ಕೆ ನನಗೆ ಇದ್ದವಳು ಗುರುಬಸಕ್ಕ ಒಬ್ಬಳೇ. ಅವಳು ಬಂದು ಮೂವತ್ತೆಂಟು ಪುಟಗಳನ್ನೂ ಕಿತ್ತು ಸುರುಳಿ ಸುತ್ತಿಕೊಂಡು, ನನ್ನ ಮುಂದೆಯೇ ನಿಂತು, ಸಾಬರಿಗೆ ಹೇಳಿದಳು.

"ಸಾಬ್ರೇ, ಆಯಮ್ಮಂಗೆ ಹೇಳ್ರಿ. ಬೀದಿ ಕಿತ್ಕೊಳ್ಳೋ ಕಾಗ್ದ ಅಂತ ಹರಿದು ಹಾಕಲ್ಲ, ಓದ್ತೀನಿ. ತಪ್ಪು ಸಿಕ್ರೆ ಸಾಲಿನ ನಂಬರ್ ಹಾಕಿ ಕಳಿಸ್ತೀನಿ."

"ಪಾಲಕ್ಕ, ಓದ್ತಾಳಂತೆ," ಎಂದರು ಸಾಬರು.

"ಬೇಗ ಓದೋಕೆ ಹೇಳ್ರಿ," ಎಂದೆ.

"ಬೇಗ ಓದ್ಬೇಕಂತೆ," ಎಂದರು.

"ರಾಗಿ ಬೀಸೋವಾಗ ಕಲ್ಲು ಆರಿಸ್ದೆ ಹಾಕಂಗಿಲ್ಲ ಅಂತ ಹೇಳ್ರಿ," ಎಂದು ಅವಳು ಹೊರಟುಹೋದಳು.

ಮೂರು ವಾರ ಇಟ್ಟುಕೊಂಡಳು. ಗಿರಣಿಯ ಮುಂದೆ ಹಾದುಹೋದಾಗ ನೋಡುತ್ತಿದ್ದೆ. ಕೈಯಲ್ಲಿ ಪುಟ, ಹುಬ್ಬಿನ ಮೇಲೆ ಹಿಟ್ಟು. ಅಷ್ಟರಲ್ಲಿ ಐದನೇ ಡಿಸ್ಕು ತಡವರಿಸುವ ಜಾಗಗಳು ಇಪ್ಪತ್ತಮೂರರಿಂದ ನೂರ ಆರಾದವು. ಅವ್ವ ಹೊಲಿಗೆ ಯಂತ್ರದ ತಲೆಯನ್ನು ಬಿಚ್ಚಿ ಮಡಿಲಲ್ಲಿ ಇಟ್ಟುಕೊಂಡು ಕೂರುವುದನ್ನು ಶುರುಮಾಡಿದಳು. ಬೀದಿ ಹೋದರೆ ಕೈಯಲ್ಲಿದ್ದದ್ದು ಉಳಿಯುತ್ತದಲ್ಲ. ಊಟ ಮಾಡುವಾಗ ಅದನ್ನು ನನ್ನ ಮಡಿಲಿಗೆ ಇಡುತ್ತಿದ್ದಳು.

ಪುಟಗಳು ವಾಪಸು ಬಂದಾಗ ಸಹಿ ಇರಲಿಲ್ಲ. ಆರುನೂರ ಹನ್ನೊಂದನೇ ಸಾಲಿನ ಪಕ್ಕದಲ್ಲಿ ಹಿಟ್ಟಿನ ಬೆರಳಚ್ಚು, ಅದರ ಕೆಳಗೆ ಪೆನ್ಸಿಲ್ಲಿನಲ್ಲಿ ಒಂದು ಪ್ರಶ್ನೆ ಇತ್ತು. ಇಲ್ಲಿ ಕರೆಂಟು ಹೋದರೆ?

ಆ ಸಾಲು ಹೊಸದಲ್ಲ. ಬರೆಯುವುದು ಅರ್ಧಕ್ಕೆ ನಿಂತರೆ ಎಲ್ಲಿಂದ ಮುಂದುವರಿಯಬೇಕೆಂದು ಹೇಳುವ ಸಾಲು, ನಾನೇ ಕೆಲಸಕ್ಕೆ ಸೇರಿದ ತಿಂಗಳಲ್ಲಿ ಬರೆದದ್ದು. ಹೊಸ ತಿದ್ದುಪಡಿಗೂ ಅದನ್ನೇ ಎತ್ತಿ ಹಾಕಿದ್ದೆ. ಪರೀಕ್ಷೆಗೆಂದು ಸಾಬರ ಅಂಗಡಿಯ ಹಿಂದೆ ಏಳು ಹಳೆಯ ಸಣ್ಣ ಡಿಸ್ಕುಗಳಿವೆ. ಅವುಗಳ ಮೇಲೆ ಬೀದಿಯಿಲ್ಲ, ಒಂದು ಕೋಳಿಗೂಡು ಇದೆ. ಒಂದು ಡಿಸ್ಕು ತೆಗೆದೆ. ಗೂಡು ಹೋಯಿತು, ನಾಲ್ಕು ಕೋಳಿಗಳು ಬಯಲಲ್ಲಿ ನಿಂತವು. ಹೊಸದು ಹಾಕಿ, ಅರ್ಧ ಬರೆದಾಗ ಪ್ಲಗ್ಗು ಕಿತ್ತೆ. ಮತ್ತೆ ಹಾಕಿದೆ. ಗೂಡು ಬಂತು. ಕೋಳಿಗಳು ಯಾವಾಗಲೂ ಹೋಗುವ ಕಡೆ ಹೋಗಿ ಹಲಗೆಗೆ ತಲೆ ಬಡಿದುಕೊಂಡವು. ಬಾಗಿಲು ಇನ್ನೊಂದು ಕಡೆ ಇತ್ತು.

ಸಾಬರು ಬೀಡಿ ಹಚ್ಚಿದರು.

ದೂರಿನ ಪುಸ್ತಕ ತೆಗೆದು ಇನ್ನೂರ ಹನ್ನೆರಡನ್ನು ಮೊದಲ ಬಾರಿಗೆ ಕೊನೆಯವರೆಗೆ ಓದಿದೆ. ನಾಲ್ಕನೇ ಸಾಲಿನಲ್ಲಿ, ಬೀದಿ ಬರೆಯುವಾಗ ನಾವು ಶಾಲೆಯಲ್ಲಿ ಕೂತಿದ್ದೆವು, ನಾಲ್ಕೂ ಹತ್ತಕ್ಕೆ ಫ್ಯಾನು ನಿಂತಿತು, ಕಾಲು ಗಂಟೆ ಬಿಟ್ಟು ತಿರುಗಿತು ಎಂದು ಇತ್ತು. ಮೂವತ್ತಾರು ತಿಂಗಳು, ಮೂವತ್ತಾರು ಸಲ, ಅದೇ ನಾಲ್ಕನೇ ಸಾಲು. ನಾನು ಪರೀಕ್ಷೆ ಮಾಡಿದ ಎರಡು ದಿನವೂ ಕರೆಂಟು ಹೋಗಿರಲಿಲ್ಲ. ಈ ತಿದ್ದುಪಡಿಯನ್ನು ಹಾಗೆಯೇ ಓಡಿಸಿದ್ದರೆ, ಐದು ಬೀದಿಗಳನ್ನೂ ಮುಟ್ಟುವ ಕೆಲಸ ಅದು, ಒಮ್ಮೆ ಕರೆಂಟು ಹೋದರೆ ಸಾಕು, ಎರಡನೇ ಜಾಮೀನಿನ ಲೆಕ್ಕವೇ ಪೂರ್ತಿ ಸುಳ್ಳಾಗುತ್ತಿತ್ತು. ಅದು ಸುಳ್ಳೆಂದು ಗೊತ್ತಾಗುವುದು ಎರಡು ಬೀದಿ ಹೋದ ದಿನ.

ನಾನು ಚಪ್ಪಲಿ ಮೆಟ್ಟಿದೆ.

"ಎಲ್ಲಿಗೆ?" ಎಂದರು ಸಾಬರು.

"ಗುರುಬಸಕ್ಕನ ಹತ್ರ. ತಪ್ಪಾಯ್ತು ಅಂತ ಹೇಳ್ಬೇಕು."

"ಹುಚ್ಚು ಹಿಡೀತಾ ನಿಂಗೆ? ನೀನು ತಪ್ಪಾಯ್ತು ಅಂತೀಯ, ಆಯಮ್ಮ ಹೋಗ್ಲಿ ಬಿಡು ಅಂತಾಳೆ, ಅಲ್ಲಿಗೆ ರಾಜಿ ಆಯ್ತು. ಆಮೇಲೆ ಸಹಿ ಯಾರದು? ನಿಂಗೆ ಇನ್ನೊಂದು ಜಗಳ ಹಣ್ಣಾಗೋಕೆ ವರ್ಷ ಬೇಕು. ಐದಕ್ಕೆ ವರ್ಷ ಐತಾ?"

ಇರಲಿಲ್ಲ. ಚಪ್ಪಲಿ ಬಿಟ್ಟೆ. ದೂರನ್ನು ಮತ್ತೆ ತೆರೆದು, 'ತಪ್ಪು ನನ್ನದು. ಬಾಗಿಲು ಬಲಕ್ಕೇ ಇತ್ತು. ನಾನು ನಾಲ್ಕನೇ ಸಾಲಿನವರೆಗೆ ಓದಿರಲಿಲ್ಲ' ಎಂದು ಬರೆದು ಸಹಿ ಮಾಡಿದೆ. ಇದು ಮಾತಾಡಿದ ಲೆಕ್ಕಕ್ಕೆ ಬರುತ್ತದೆಯೇ ಎಂದು ಊರಲ್ಲಿ ಎರಡು ದಿನ ಚರ್ಚೆಯಾಯಿತು. ಪುಸ್ತಕದಲ್ಲಿ ಬರೆದದ್ದು ಊರಿಗೆ ಬರೆದದ್ದು, ಒಬ್ಬರಿಗೆ ಹೇಳಿದ್ದಲ್ಲ ಎಂದು ತೀರ್ಮಾನವಾಯಿತು. ಗುರುಬಸಕ್ಕ ಬಂದು ಓದಿದಳು. ಮುಖದಲ್ಲಿ ಏನೂ ಕಾಣಲಿಲ್ಲ. ಎರಡನೇ ಸಲ ಓದಿ, ಸೆರಗಿಗೆ ಕೈ ಒರೆಸಿಕೊಂಡು ಹೋದಳು.

ಸಾಲನ್ನು ಸರಿಮಾಡಿದೆ. ಕೋಳಿಗೂಡನ್ನು ಐವತ್ತೆರಡು ಸಲ ಕಳೆದು ತಂದೆ, ಪ್ರತಿ ಸಲವೂ ಬೇರೆ ಬೇರೆ ಜಾಗದಲ್ಲಿ ಪ್ಲಗ್ಗು ಕಿತ್ತು. ಕೋಳಿಗಳು ಮೊಟ್ಟೆ ಇಡುವುದನ್ನು ನಿಲ್ಲಿಸಿದವು. ಬಾಗಿಲು ಮಾತ್ರ ಕದಲಲಿಲ್ಲ.

ಹೊಸ ಪ್ರತಿಯನ್ನು ಗುರುಬಸಕ್ಕ ಗೋಡೆಯ ಮುಂದೆ ನಿಂತೇ ಓದಿದಳು, ಅರ್ಧ ದಿನ. ಕೊನೆಗೆ 'ಕಡಿಮೆ ತುಂಬಿರುವ ಡಿಸ್ಕನ್ನು ಆರಿಸು' ಎಂಬಲ್ಲಿಗೆ ಬಂದು ಪೆನ್ಸಿಲ್ಲಿನಲ್ಲಿ ಏನೋ ಬರೆದು ಸಹಿ ಹಾಕಿದಳು. ಅವಳ ಬೀದಿಯವರು ಸುತ್ತಿಕೊಂಡರು.

"ಅಕ್ಕಾ, ಏನ್ ಮಾಡ್ದೆ ನೀನು? ನಮ್ ಬೀದೀನೇ ಬರ್ದು ಕೊಟ್ಯಲ್ಲ!" ಎಂದ ಓಬಣ್ಣ.

"ಓದಿದ್ಯಾ ನೀನು?"

"ಓದೋದೇನೈತೆ ಅದ್ರಲ್ಲಿ, ಮನೆ ಹೋಯ್ತದೆ."

"ಹೋಯ್ತದೆ. ಹದಿನಾಲ್ಕು. ಹಿಂಗೇ ಬಿಟ್ರೆ ಯಾವುದೋ ಎರಡು ಬೀದಿ ಹೋಯ್ತವೆ, ಆ ಎರಡ್ರಲ್ಲಿ ನಮ್ದಿರಲ್ಲ ಅಂತ ಯಾವ ದೇವರು ಬರ್ಕೊಟ್ಟವ್ನೆ ನಿಂಗೆ? ಆಗ ಪಾತ್ರೆನೂ ಹೋಯ್ತದೆ, ಪಂಪೂ ಹೋಯ್ತದೆ. ಈಗ ಗಾಡಿ ಕಟ್ಟಿ ಸಾಗಿಸ್ಬೋದು. ಸರಿ, ಜಾಗ ಬಿಡು, ಗಿರಣಿ ಬೆಲ್ಟು ಬಿಚ್ಬೇಕು."

ಅವಳು ಹೋದ ಮೇಲೆ ಬರೆದದ್ದನ್ನು ನೋಡಿದೆ. 'ಈ ಸಾಲು ಸರಿಯಾಗಿದೆ. ಬರೆದವಳ ಬುದ್ಧಿ ಸರಿಯಿಲ್ಲ' ಎಂದಿತ್ತು. ಅದು ಗೋಡೆಯ ಮೇಲೆ ಈಗಲೂ ಇದೆ. ಅಳಿಸುವ ಹಕ್ಕು ನನಗಿಲ್ಲ.

ಒಂದು ವಾರ ಗಾಡಿಗಳು ಓಡಾಡಿದವು. ಬಾಗಿಲು, ಕಿಟಕಿ, ಹೆಂಚು ಎಲ್ಲ ಬಿಚ್ಚಿಕೊಂಡರು. ಭಾನುವಾರ ಮಧ್ಯಾಹ್ನ ಆರನೇ ಡಿಸ್ಕನ್ನು ಅಳಿಸಿದೆ. ಗಿರಣಿ ಬೀದಿಯವರು ಅಂಚಿನಲ್ಲಿ ಸಾಲಾಗಿ ನಿಂತು ನೋಡಿದರು. ಎರಡನೇ ಜಾಮೀನು ಬರೆಯಲು ನಾಲ್ಕು ದಿನ ಹಿಡಿಯಿತು. ಕರೆಂಟು ಮೂರು ಸಲ ಹೋಯಿತು. ಯಾರ ಬಾಗಿಲೂ ಸರಿಯಲಿಲ್ಲ.

ಯಾರು ಯಾರ ಮನೆಗೆ ಎಂದು ಚೀಟಿ ಎತ್ತಿದರು. ಗುರುಬಸಕ್ಕನಿಗೆ ಬಂದದ್ದು ಹಗ್ಗದ ಬೀದಿ, ನಮ್ಮ ಮನೆ, ಖಾಲಿಯಿದ್ದ ಕೋಣೆ. ಚೀಟಿ ಓದಿದ ಸಾಬರು ತಲೆಗೆ ಕೈ ಹೊತ್ತುಕೊಂಡರು. ಬೇರೆ ಚೀಟಿ ಎತ್ತಿಸೋಣ ಎಂದವರೂ ಇದ್ದರು, ಆದರೆ ಒಬ್ಬರಿಗೆ ಎತ್ತಿಸಿದರೆ ಹದಿನಾಲ್ಕು ಮನೆಯವರೂ ಎತ್ತುತ್ತೇವೆ ಎಂದರು. ಗಿರಣಿ ನಮ್ಮ ಹಿತ್ತಲಿಗೆ ಬಂತು.

ಆಮೇಲಿನ ಮೂರು ತಿಂಗಳು ಊರಿಗೆ ಇದ್ದ ಚಿಂತೆ ಡಿಸ್ಕಿನದಲ್ಲ, ನಮ್ಮಿಬ್ಬರದು. ಒಂದೇ ಮನೆಯಲ್ಲಿ ಇದ್ದು, ಒಂದೇ ಸಾರು ಉಂಡು, ಇವರು ರಾಜಿಯಾಗಿಬಿಟ್ಟರೆ ಮುಂದಿನ ತಿದ್ದುಪಡಿಗೆ ಓದುವವರು ಯಾರು? ಬಾವಿಯ ಹತ್ತಿರ ಹೆಂಗಸರು ಅವ್ವನನ್ನು ಕೇಳುತ್ತಿದ್ದರು.

"ಮಾತಾಡಿದ್ರೇನವ್ವ?"

"ಇಲ್ಲ ಬಿಡ್ರವ್ವ, ಚೆನ್ನಾಗವ್ರೆ," ಎನ್ನುತ್ತಿದ್ದಳು ಅವ್ವ.

ನಿಜಕ್ಕೂ ಚೆನ್ನಾಗಿದ್ದೆವು. ನಾನು ಉಪ್ಪು ಹೆಚ್ಚು ಹಾಕಿದರೆ ಗುರುಬಸಕ್ಕ ಅವ್ವನಿಗೆ ಹೇಳುತ್ತಿದ್ದಳು, ಅವ್ವ ಇಲ್ಲದಿದ್ದರೆ ತಟ್ಟೆಗೆ ಹೇಳುತ್ತಿದ್ದಳು. ಅವಳ ಗಿರಣಿಯ ಸದ್ದಿಗೆ ನಾನು ಗೋಡೆಯನ್ನು ಬೈಯುತ್ತಿದ್ದೆ. ಒಮ್ಮೆ ನನಗೆ ಜ್ವರ ಬಂದಾಗ ಕಷಾಯ ಮಾಡಿ ತಂದು, ಮಂಚದ ಕಾಲಿಗೆ "ಬಿಸಿ ಐತೆ" ಎಂದು ಹೇಳಿ ಇಟ್ಟುಹೋದಳು.

ಎರಡು ಹೊಸ ಡಿಸ್ಕುಗಳ ಪಾರ್ಸೆಲ್ಲು ಗುರುವಾರ ಬಸ್ಸಿನಲ್ಲಿ ಬಂತು. ಐದನ್ನು ಯಾವತ್ತು ಬದಲಿಸೋಣ ಎಂದು ಬೀದಿಯವರನ್ನು ಕೇಳಿ ಬರುವಷ್ಟರಲ್ಲಿ, ಶನಿವಾರ ಬೆಳಿಗ್ಗೆ ಎಂಟಕ್ಕೆ, ಅದು ತಾನಾಗಿಯೇ ಸತ್ತಿತು. ನಾನು ಅಂಗಳ ಗುಡಿಸುತ್ತಿದ್ದೆ. ಪೊರಕೆ ಹಿಡಿದು ಬಯಲಿನಲ್ಲಿ ನಿಂತಿದ್ದೆ. ಅವ್ವನ ಕೈಯಲ್ಲಿ ಹಾಲಿನ ಲೋಟ ಇತ್ತು. ಎರಡನೇ ಜಾಮೀನು ಬಂದ ಮೇಲೆ ಧೈರ್ಯ ಬಂದು ಹೊಲಿಗೆ ಯಂತ್ರದ ತಲೆಯನ್ನು ಮತ್ತೆ ಕೂರಿಸಿದ್ದಳು. ಓಡಿಹೋಗಿ ಹೊಸ ಡಿಸ್ಕು ಹಾಕಿದೆ. ಮಧ್ಯಾಹ್ನ ಒಂದು ಗಂಟೆಗೆ ಸಾಬರು, "ಎರಡೂ," ಎಂದರು. ಐದರ ಹಳೆಯದರ ಜೊತೆ ಹೊಸದೂ ಸತ್ತಿತು ಎಂದುಕೊಂಡೆ. ಅವರು ಹೇಳಿದ್ದು ಎರಡನೇ ಡಿಸ್ಕೂ ಸತ್ತಿತು ಎಂದು. ಕಿಟಕಿಯಾಚೆ ಬಳೆಗಾರರ ಬೀದಿ ಇರಲಿಲ್ಲ.

ಉಳಿದ ಡಿಸ್ಕನ್ನು ಅದಕ್ಕೆ ಹಾಕಿದೆ. ಪರದೆಯ ಮೇಲೆ ಮೂವತ್ತೊಂದು ಗಂಟೆ ಎಂದು ಬಂತು. ಎರಡು ಗೊತ್ತಿಲ್ಲದವುಗಳನ್ನು ಎರಡು ಜಾಮೀನುಗಳಿಂದ ಬಿಡಿಸುವ ಆ ಲೆಕ್ಕವನ್ನು ನಾನು ಬರೆದಿದ್ದೆ. ಅದು ಅದುವರೆಗೆ ತಂದದ್ದು ಒಂದು ಕೋಳಿಗೂಡನ್ನು ಮಾತ್ರ. ಈಗ ಅದರ ಮೇಲೆ ಎಪ್ಪತ್ತೆಂಟು ಮನೆಗಳಿದ್ದವು. ಸರಿಯೋ ತಪ್ಪೋ ಎಂಬುದು ಕೊನೆಯ ನಿಮಿಷದವರೆಗೂ ತಿಳಿಯುವಂತಿರಲಿಲ್ಲ.

ಭಾನುವಾರ ಮಧ್ಯಾಹ್ನಕ್ಕೂ ನಾನು ಡಿಸ್ಕಿನ ಕೋಣೆಯ ಬಾಗಿಲಲ್ಲಿ ನಿಂತೇ ಇದ್ದೆ. ಬಳೆಗಾರರ ಬೀದಿಯ ಒಬ್ಬ ಮುದುಕ ಎರಡು ಸಲ ಹತ್ತಿರ ಬಂದು, ನನ್ನ ಮುಖ ನೋಡಿ, ವಾಪಸು ಹೋದ. ಎಲೆಯಲ್ಲಿ ಅನ್ನ ತಂದು ಇಟ್ಟರು, ಇರುವೆಗಳು ತಿಂದವು. ಕೂತರೆ ಮತ್ತೆ ಏಳಲಾರೆ ಎಂದುಕೊಂಡು ಚೌಕಟ್ಟು ಹಿಡಿದಿದ್ದೆ.

ಗುರುಬಸಕ್ಕ ಶಾಲೆಯ ಕಡೆಯಿಂದ ಬಂದಳು. ಅವ್ವ ಅಲ್ಲಿರಲಿಲ್ಲ, ಸಾಬರು ಒಳಗಿದ್ದರು, ತಟ್ಟೆಯಾಗಲಿ ಮಂಚದ ಕಾಲಾಗಲಿ ಇರಲಿಲ್ಲ. ಕಟ್ಟೆಯ ಮೇಲೆ ಎರಡೂ ಬೀದಿಯ ನಾಲ್ಕು ಜನ ಕೂತಿದ್ದರು, ಅವರ ಕಡೆಗೂ ತಿರುಗಲಿಲ್ಲ. ನನ್ನ ತೋಳು ಹಿಡಿದು, ನನ್ನ ಮುಖ ನೋಡಿ, "ಆ ಸಾಲುಗಳನ್ನ ನಾನು ಓದಿದ್ದೀನಿ. ಕೂತ್ಕೊ," ಎಂದಳು.

ಕೂತೆ.

ರಾತ್ರಿ ಎಂಟಕ್ಕೆ ಎರಡೂ ಬೀದಿಗಳು ಬಂದವು. ಜನ ಒಳಗೆ ಹೋಗುವ ಮೊದಲು ತಂತಮ್ಮ ಬಾಗಿಲನ್ನು ಹೊರಗಿನಿಂದ ಮುಟ್ಟಿ ನೋಡಿದರು. ಅವ್ವನ ಹೊಲಿಗೆ ಯಂತ್ರದಲ್ಲಿ ದಾರ ಪೋಣಿಸಿದ ಹಾಗೆಯೇ ಇತ್ತು.

ಮರುದಿನ ಗ್ರಂಥಾಲಯದಲ್ಲಿ ಓಬಣ್ಣ ಎದ್ದು, ಗುರುಬಸಕ್ಕ ಪಾಲಕ್ಕನೊಂದಿಗೆ ನೇರ ಮಾತಾಡಿದಳೆಂದು ಸುದ್ದಿಯಿದೆ, ಹಾಗಿದ್ದರೆ ಆಕೆಯ ಸಹಿ ಇನ್ನು ನಡೆಯುವುದಿಲ್ಲ, ವಿಚಾರಣೆಯಾಗಬೇಕು ಎಂದ. ಕ್ರಮ ಕ್ರಮವೇ. ಕಟ್ಟೆಯ ಮೇಲಿದ್ದ ನಾಲ್ವರನ್ನು ಕರೆಸಿದರು. ಕೈಯಳತೆ ದೂರದಲ್ಲಿ ಕೂತಿದ್ದವರು. ಒಬ್ಬೊಬ್ಬರಾಗಿ ಬಂದು, ತಮಗೆ ಏನೂ ಕೇಳಿಸಲಿಲ್ಲವೆಂದು ಬರೆದು ಸಹಿ ಹಾಕಿ ಹೋದರು.